ಚೂನಾಬಟ್ಟಿಯ ಶಾಸಕಿ

ಜೈಲಿನಿಂದ, ಹೈದರಾಬಾದ್
6 ಜನವರಿ 2019

ಅಕ್ಕ ಸಾಬಮ್ಮನಿಗೆ,

ನೀನು ಗೆದ್ದ ಸುದ್ದಿ ನನಗೆ ತಲುಪಿದ್ದು ಪೆಟ್ಟು ತಿನ್ನುತ್ತಿರುವಾಗ. ಸೋತ ಶಾಸಕ ಕೊಂಡಲರಾವ್‌ನ ಕಡೆಯವರು ಕೆಲವರು ಇಲ್ಲಿದ್ದಾರೆ. ಮತ ಎಣಿಕೆಯ ದಿನ ಅವರು ನನ್ನನ್ನು ಬಚ್ಚಲಿನ ಗೋಡೆಗೆ ಒತ್ತಿ ಹಿಡಿದು ಹೊಡೆಯುತ್ತಿದ್ದರು. ವಾರ್ಡರ್ ಒಬ್ಬ ಬಾಗಿಲಿಗೆ ಬಂದು, "ಬಸ್ ಕರೋ ರೇ, ಇಸ್ಕಿ ಬೆಹನ್ ಜೀತ್ ಗಯೀ" ಅಂದ, ಸಾಕು ಬಿಡ್ರೋ, ಇವನ ಅಕ್ಕ ಗೆದ್ದಳು ಅಂತ. ಎತ್ತಿದ ಕೈಗಳು ಅಲ್ಲೇ ನಿಂತವು. ಅವರಲ್ಲೊಬ್ಬ ನನ್ನ ಅಂಗಿಯ ಕಾಲರನ್ನು ಸರಿಮಾಡಿದ! ಬಾಯಿ ತುಂಬ ರಕ್ತ ಇಟ್ಟುಕೊಂಡೇ ನಾನು ನಕ್ಕುಬಿಟ್ಟೆ.

ಈಗ ಎಲ್ಲರಿಗೂ ನಾನು 'ಎಮ್ಮೆಲ್ಲೆ ತಮ್ಮುಡು', ಶಾಸಕಿಯ ತಮ್ಮ. ಬ್ಯಾರಕ್ಕಿನವರಿಗೆ ನಿನ್ನ ಕಥೆ ಹೇಳುತ್ತಿರುತ್ತೇನೆ. ಗುರುಮಠಕಲ್ಲಿನಿಂದ ಇಟ್ಟಿಗೆ ಹೊರಲು ಬಂದವರ ಮಗಳು. ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಗಂಡ ಸತ್ತಾಗ, ಹೆಣವನ್ನು ಗೇಟಿನ ಮುಂದೆ ಇಟ್ಟುಕೊಂಡು ಕೂತವಳು. ಮಾಲಕ ತಾನಾಗಿ ಕೆಳಗಿಳಿದು ಬರುವ ತನಕ ಏಳದವಳು. ಆಮೇಲೆ ಕಾರ್ಪೊರೇಟರ್, ಈಗ ಶಾಸಕಿ. "ಶಹಬ್ಬಾಸ್" ಅನ್ನುತ್ತಾರೆ ಕೇಳಿದವರು.

ಕೊಂಡಲರಾವ್‌ನ ಕಡೆಯ ಸಾಯಿಕುಮಾರನ ಕಥೆಯನ್ನೂ ಕೇಳುತ್ತಾರೆ. ಮತಗಟ್ಟೆಯ ಮುಂದೆ ಅವನು ನಿನ್ನ ಜಡೆ ಹಿಡಿದು ನೆಲದ ಮೇಲೆ ಎಳೆದ, ನನ್ನ ಕೈಯಲ್ಲಿ ಪೆಂಡಾಲಿನ ಕಬ್ಬಿಣದ ಗೂಟ ಇತ್ತು, ಒಂದೇ ಏಟಿಗೆ ಬಿದ್ದು ಸತ್ತ ಅನ್ನುತ್ತೇನೆ. ಅವನೂ ನಮ್ಮ ಬಸ್ತಿಯವನೇ, ನಮ್ಮ ಕೇರಿಯವನೇ, ನಮ್ಮ ಭಾಷೆಯವನೇ ಅನ್ನುವುದನ್ನು ಹೇಳುವುದಿಲ್ಲ. ಹೇಳಿದರೆ ಕಥೆಯ ಖದರು ಹೋಗುತ್ತದೆ.

ನೀನು ಯಾವಾಗ ಬರುತ್ತಿ? ಬಿಳಿ ಕಾರಿನಲ್ಲಿ ಬಾ. ಇವರೆಲ್ಲ ನೋಡಲಿ.

ನಿನ್ನ ತಮ್ಮ
ತಾಯಪ್ಪ

*

ಚೂನಾಬಟ್ಟಿ ಬಸ್ತಿ, ಹೈದರಾಬಾದ್
17 ಫೆಬ್ರವರಿ 2019

ತಮ್ಮ ತಾಯಪ್ಪನಿಗೆ,

ನಾನು ಬರುವುದಿಲ್ಲ. ಶಾಸಕಿ ಜೈಲಿನ ಬಾಗಿಲಲ್ಲಿ ನಿಂತರೆ ಮರುದಿನ ಪೇಪರಿನಲ್ಲಿ ಬರುತ್ತದೆ, ಕೇಸು ಕೆಡುತ್ತದೆ ಎಂದು ನಮ್ಮ ವಕೀಲ ಜಯತೀರ್ಥರು ಕೈಮುಗಿದು ಹೇಳಿದ್ದಾರೆ. ಜೈಲಿನ ಫೋನಿನಲ್ಲಿ ಆಡಿದ್ದೆಲ್ಲ ರೆಕಾರ್ಡ್ ಆಗುತ್ತದಂತೆ. ಪತ್ರ ಬರೆಯಿರಿ, ಆದರೆ ಪತ್ರವನ್ನೂ ಕನ್ನಡ ಬಲ್ಲ ಒಬ್ಬ ಓದಿಯೇ ಒಳಗೆ ಬಿಡುತ್ತಾನೆ, ಸಾಕ್ಷಿಗಳ ವಿಷಯ ಎತ್ತಲೇಬೇಡಿ ಎಂದರು.

ಇದೊಂದನ್ನು ಬರೆದು ನಿಲ್ಲಿಸುತ್ತೇನೆ. ಗೆಲುವಿನ ಮೆರವಣಿಗೆ ಸಾಯಿಕುಮಾರನ ಮನೆಯ ಮುಂದೆ ಬಂದಾಗ ಅವನ ತಾಯಿ ಯಂಕಮ್ಮ ಬಾಗಿಲಲ್ಲಿ ನಿಂತಿದ್ದಳು. ಚಪ್ಪಲಿ ಎಸೆದಳು. ಅದು ನನ್ನ ಎದೆಗೆ ಬಡಿಯಿತು. ನಮ್ಮ ಮನೋಜ, ನೀನೇ ತಯಾರು ಮಾಡಿದ ಹುಡುಗ, ಹಾರಿ ಹೋಗಿ ಅವಳ ಕೂದಲು ಹಿಡಿದು ಕಾಲುವೆಯ ತನಕ ಎಳೆದ. ಮತಗಟ್ಟೆಯ ಮುಂದೆ ನನಗಾದದ್ದೇ ಅವಳಿಗೆ ಆಗುತ್ತಿತ್ತು. ನಾನು ಜೀಪಿನಿಂದ ಇಳಿದು ಮನೋಜನ ಕೆನ್ನೆಗೆ ಎರಡು ಬಾರಿಸಿದೆ.

ಯಂಕಮ್ಮ ಎದ್ದು ಸೆರಗಿನ ಕೆಸರು ಝಾಡಿಸಿ, "ಯಾಕ ನಿಲ್ಲಿಸಿದ್ರಿ ಎಮ್ಮೆಲ್ಲೆ ಅವ್ವಾ? ಮಗನ್ನ ತಿಂದೀರಿ, ನಾ ಏನು ಭಾಳ ರುಚಿ ಇಲ್ಲೇನು?" ಅಂದಳು.

ಆಮೇಲೆ ಬಾಜಾ ಮತ್ತೆ ಶುರುವಾಯಿತು. ನನ್ನ ಕೊರಳಿನ ಹಾರ ಅಷ್ಟು ಭಾರ ಇತ್ತು ಅಂತ ನನಗೆ ಆವಾಗಲೇ ಗೊತ್ತಾದದ್ದು.

ನಿನ್ನ ಅಕ್ಕ

*

ಜೈಲಿನಿಂದ
22 ಸೆಪ್ಟೆಂಬರ್ 2019

ಅಕ್ಕಾ,

ಜಾಮೀನು ಮತ್ತೆ ತಿರಸ್ಕಾರವಾಯಿತು. ಹೊರಗೆ ಬಿಟ್ಟರೆ ಶಾಸಕಿಯ ತಮ್ಮ ಸಾಕ್ಷಿಗಳನ್ನು ಹೆದರಿಸುತ್ತಾನೆ ಎಂದು ನ್ಯಾಯಾಧೀಶರು ಹೇಳಿದರು. ಸಾಯಿಕುಮಾರ ಸತ್ತದ್ದರಿಂದ ನೀನು ಗೆದ್ದೆ, ನೀನು ಗೆದ್ದದ್ದರಿಂದ ನಾನು ಒಳಗೆ. ನಗು ಬರುತ್ತದೆ, ಆದರೆ ನಕ್ಕರೆ ಹೊಲಿಗೆ ಬಿಚ್ಚುತ್ತದೆ. ಕೊಂಡಲರಾವ್‌ನವರು ಚಮಚದ ಹಿಡಿಯನ್ನು ಕಲ್ಲಿಗೆ ತಿಕ್ಕಿ ಹರಿತ ಮಾಡಿದ್ದರು. ಪಕ್ಕೆಲುಬಿನ ಕೆಳಗೆ ತೂರಿಸಿದರು. ಆಸ್ಪತ್ರೆಯಿಂದ ನಿನ್ನೆ ವಾಪಸು ತಂದಿದ್ದಾರೆ.

ಏಳು ತಿಂಗಳಿಂದ ನಿನ್ನದೊಂದು ಅಕ್ಷರ ಇಲ್ಲ. ವಿಧಾನಸಭೆಯಲ್ಲಿ ನಿನಗೆ ಮಾತಾಡಲು ಅವಕಾಶ ಸಿಕ್ಕಿತ್ತಂತೆ. ತೆಲುಗಿನಲ್ಲಿ ಭೇಷಾಗಿ ಮಾತಾಡಿದೆಯಂತೆ. ಇಲ್ಲಿ ಟಿವಿಯಲ್ಲಿ ನೋಡಿದವರು ಹೇಳಿದರು.

ತಾಯಪ್ಪ

*

ಚೂನಾಬಟ್ಟಿ
28 ಜೂನ್ 2020

ತಾಯಪ್ಪಾ,

ನಿನಗೆ ಚುಚ್ಚಿದ ಸುದ್ದಿ ನನಗೆ ಅದೇ ದಿನ ಗೊತ್ತಾಗಿತ್ತು. ಆಸ್ಪತ್ರೆಯ ಗೇಟಿನ ಎದುರು ಕಾರಿನಲ್ಲಿ ಕೂತಿದ್ದೆ. ಇಳಿಯಲಿಲ್ಲ.

ಲಾಕ್‌ಡೌನ್‌ನಲ್ಲಿ ಏನೇನಾಯಿತು ನಿನಗೆ ಗೊತ್ತಿಲ್ಲ. ಈ ಪತ್ರ ಅಂಚೆಯಲ್ಲಿ ಬರುತ್ತಿಲ್ಲ, ಗುರುತಿನ ವಾರ್ಡರ್ ಒಬ್ಬ ನಿನ್ನ ಕೈಗೇ ಕೊಡುತ್ತಾನೆ, ಅದಕ್ಕೇ ಬರೆಯುತ್ತೇನೆ. ಕಟ್ಟಡದ ಕೆಲಸ ನಿಂತು ನಮ್ಮ ರಾಯಚೂರು, ಯಾದಗಿರಿ ಕಡೆಯ ಜನ ಮಿಯಾಪುರದಲ್ಲಿ ಹೆದ್ದಾರಿಗೆ ಬಿದ್ದಿದ್ದರು, ಮಕ್ಕಳು ಮರಿ ಕಟ್ಟಿಕೊಂಡು, ನಡೆದೇ ಊರಿಗೆ. ನಾನು ಲಾರಿಯಲ್ಲಿ ಅಕ್ಕಿ ತರಿಸಿದೆ. ಕೊಂಡಲರಾವ್‌ನವರು ಲಾರಿ ತಡೆದು, ಡ್ರೈವರನನ್ನು ಕೆಳಗೆ ಎಳೆದು ಕಲ್ಲಿನಿಂದ ಮಂಡಿ ಜಜ್ಜಿದರು. ಅಕ್ಕಿಯ ಮೇಲೆ ಸೀಮೆಎಣ್ಣೆ ಸುರಿದರು. ನಾನು ಠಾಣೆಗೆ ಹೋದರೆ ಇನ್ಸ್‌ಪೆಕ್ಟರ್ ಮೊಬೈಲಿನಿಂದ ತಲೆ ಎತ್ತಲಿಲ್ಲ. ಶಾಸಕಿ ನಿಂತೇ ಇದ್ದೆ.

ಆ ಸಂಜೆ ಮನೋಜ ಬಂದು ಅಂಗಳದಲ್ಲಿ ನಿಂತ. "ಅಕ್ಕಾ, ಏನ್ ಮಾಡೂಣು?" ಅಂದ. ನಾನು ಅವನ ಮುಖ ನೋಡಿದೆ, ಏನೂ ಹೇಳಲಿಲ್ಲ, ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಮರುದಿನ ಬೆಳಗ್ಗೆ ಕೊಂಡಲರಾವ್‌ನ ಮೂವರು ಹುಡುಗರು ಕಾಲು ಮುರಿಸಿಕೊಂಡು ರೈಲ್ವೆ ಹಳಿಯ ಪಕ್ಕ ಬಿದ್ದಿದ್ದರು. ಮುಂದಿನ ಲಾರಿಯನ್ನು ಯಾರೂ ತಡೆಯಲಿಲ್ಲ. ಮುಂದಿನ ಸಲ ಠಾಣೆಗೆ ಹೋದಾಗ ಇನ್ಸ್‌ಪೆಕ್ಟರ್ ತಾನೇ ಎದ್ದು ಕುರ್ಚಿ ಎಳೆದು ಕೊಟ್ಟ.

ಗಂಡನ ಹೆಣ ಇಟ್ಟುಕೊಂಡು ಕೂತಾಗ ನಾನು ಅಂದುಕೊಂಡಿದ್ದೆ, ಕೂತರೆ ಸಾಕು ಅಂತ. ಕೂತರೆ ಸಾಲುವುದಿಲ್ಲ, ತಾಯಪ್ಪ. ನೀನು ಮೊದಲೇ ತಿಳಿದುಕೊಂಡಿದ್ದೆ.

ಅಕ್ಕ

*

ಜೈಲಿನಿಂದ
14 ಫೆಬ್ರವರಿ 2021

ಅಕ್ಕಾ,

ನಿನ್ನ ಪತ್ರಕ್ಕೆ ಬಹಳ ದಿನ ಉತ್ತರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಕೊನೆಯ ಸಾಲು ಅಡ್ಡ ಬರುತ್ತಿತ್ತು.

ಹೋದ ತಿಂಗಳು ನಮ್ಮ ಬ್ಯಾರಕ್ಕಿನಲ್ಲಿ ಒಬ್ಬನನ್ನು ಬಡಿದು ಕೊಂದರು. ಮೊಬೈಲ್ ಕದ್ದ ಕೇಸಿನವನು. ಒದೆಯುವವರು ಒದೆಯುತ್ತಲೇ ಇದ್ದರು, ಅವನು ಮಿಸುಕುವುದು ನಿಂತ ಮೇಲೂ. ಹೆಣವನ್ನು ಗೇಟಿನ ತನಕ ಹೊತ್ತವರಲ್ಲಿ ನಾನೂ ಒಬ್ಬ. ಗೇಟಿನಲ್ಲಿ ಕಂಡದ್ದನ್ನು ಎಂದಾದರೂ ಎದುರಿಗೆ ಹೇಳುತ್ತೇನೆ.

ವಿಚಾರಣೆ ಶುರುವಾಗುತ್ತದೆಯಂತೆ. ಅಕ್ಕಾ, ಒಂದು ಮಾತು. ಯಂಕಮ್ಮನನ್ನು ಸ್ವಲ್ಪ ನೋಡಿಕೋ. ಇದಕ್ಕಿಂತ ಹೆಚ್ಚು ಬರೆಯಬಾರದು ಎಂದು ವಕೀಲರು ಹೇಳಿದ್ದಾರಲ್ಲ, ಆ ವಾರ್ಡರ್ ಈಗ ಇಲ್ಲಿಲ್ಲ, ಮೂರನೆಯವರ ಕಣ್ಣು ಇದರ ಮೇಲೆ ಬೀಳುತ್ತದೆ. ನಿನಗೆ ಅರ್ಥವಾಗುತ್ತದೆ.

ತಾಯಪ್ಪ

*

ಚೂನಾಬಟ್ಟಿ
11 ಏಪ್ರಿಲ್ 2021

ತಮ್ಮಾ,

ಅರ್ಥವಾಯಿತು. ನಾನೇ ಎಷ್ಟೋ ದಿನದಿಂದ ಯೋಚಿಸುತ್ತಿದ್ದೆ, ನೀನು ಬಾಯಿಬಿಟ್ಟು ಹೇಳಿದ್ದು ಒಳ್ಳೆಯದಾಯಿತು. ಮನೋಜನಿಗೆ ವಹಿಸಿದ್ದೇನೆ. ಇನ್ನು ಆ ಹೆಸರು ಪತ್ರದಲ್ಲಿ ಬೇಡ. ನೀನು ನಿಶ್ಚಿಂತೆಯಾಗಿರು.

ಅಕ್ಕ

*

ಜೈಲಿನಿಂದ
23 ಜನವರಿ 2022

ಅಕ್ಕಾ,

ಇವತ್ತು ನಾನು ಅತ್ತೆ. ಇಲ್ಲಿಗೆ ಬಂದ ಮೇಲೆ ಇದೇ ಮೊದಲು. ಈ ಪತ್ರವನ್ನು ಬಿಡುಗಡೆಯಾದವನೊಬ್ಬನ ಕೈಯಲ್ಲಿ ಕಳಿಸುತ್ತಿದ್ದೇನೆ, ಜೈಲಿನವರು ಓದುವುದಿಲ್ಲ.

ಮೊನ್ನೆ ಕೋರ್ಟಿನಲ್ಲಿ ಯಂಕಮ್ಮ ಸಾಕ್ಷಿ ಕಟ್ಟೆ ಹತ್ತಿದಳು. ಸೆರಗನ್ನು ತಲೆಯ ಮೇಲಿಂದ ಹಣೆಯ ತನಕ ಎಳೆದುಕೊಂಡಿದ್ದಳು, ಕೊರಳಿಗೂ ಸುತ್ತಿಕೊಂಡಿದ್ದಳು. ಸರ್ಕಾರಿ ವಕೀಲ ನನ್ನ ಕಡೆ ಬೆರಳು ಮಾಡಿ, ನಿನ್ನ ಮಗನನ್ನು ಹೊಡೆದವನು ಇವನೇನಾ ಎಂದು ಕೇಳಿದ. ಅವಳು ನನ್ನ ಕಡೆ ತಿರುಗಲೇ ಇಲ್ಲ. "ಗದ್ದಲ ಇತ್ರಿ. ಯಾರು ಹೊಡದ್ರೋ ನಾ ನೋಡಿಲ್ರಿ" ಅಂದಳು. ಎರಡು ಸಲ ಕೇಳಿದರು, ಎರಡು ಸಲವೂ ಅದನ್ನೇ ಅಂದಳು. ಬೇರೆ ಸಾಕ್ಷಿಗಳು ಆಗಲೇ ಜಾರಿಕೊಂಡಿದ್ದರು. ಉಳಿದವಳು ಅವಳೊಬ್ಬಳೇ.

ಅವಳು ನೋಡಿದ್ದಾಳೆ ಅಕ್ಕಾ. ಅಷ್ಟು ಹತ್ತಿರದಲ್ಲಿ ನಿಂತಿದ್ದಳು. ನೋಡಿಯೂ ನನ್ನನ್ನು ಬಿಟ್ಟಳು. ಮಗ ಸತ್ತ ತಾಯಿಯೊಬ್ಬಳು ಹಾಗೆ ಬಿಡಬಲ್ಲಳು ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನೀನು ಅವಳಿಗೆ ಏನು ಮಾಡಿದೆಯೋ, ಯಾವ ಮಾತು ಹೇಳಿ ಸಮಾಧಾನ ಮಾಡಿದೆಯೋ, ನಿನಗೆ ಪುಣ್ಯ ಬರಲಿ. ಹೊರಗೆ ಬಂದ ದಿನವೇ ಅವಳ ಮನೆಗೆ ಹೋಗಿ ಕಾಲಿಗೆ ಬೀಳುತ್ತೇನೆ.

ತಾಯಪ್ಪ

*

ಚೂನಾಬಟ್ಟಿ
10 ಜುಲೈ 2022

ತಾಯಪ್ಪಾ,

ತೀರ್ಪು ಬಂತು, ನಿನ್ನನ್ನು ಬಿಟ್ಟರು. ದೇವರು ದೊಡ್ಡವನು. ಈ ಚೀಟಿಯನ್ನು ಜೈಲಿನ ಬಾಗಿಲಲ್ಲಿ ಮನೋಜ ನಿನ್ನ ಕೈಗೆ ಕೊಡುತ್ತಾನೆ. ಓದಿ ಅವನ ಕಾರು ಹತ್ತು. ನೇರ ಗುರುಮಠಕಲ್ಲಿಗೆ ಹೋಗು. ಬಸ್ತಿಗೆ ಬರಬೇಡ.

ಯಂಕಮ್ಮ ಈಗ ಬಸ್ತಿಯಲ್ಲಿಲ್ಲ. ಸೇಡಂ ಕಡೆ ತವರಿಗೆ ಹೋಗಿದ್ದಾಳೆ. ಅವಳನ್ನು ಹುಡುಕಬೇಡ, ಅವಳ ಗಾಯ ಕೆದಕಬೇಡ.

ಮುಂದಿನ ವರ್ಷ ಮತ್ತೆ ಚುನಾವಣೆ. ಹೋದ ವಾರ ನನ್ನ ಕಾರಿನ ಮೇಲೆ ನಾಡಬಾಂಬು ಬಿತ್ತು. ಮುಂದಿನ ಸೀಟಿನಲ್ಲಿದ್ದ ಗನ್‌ಮ್ಯಾನ್‌ನ ಒಂದು ಕಣ್ಣು ಹೋಯಿತು. ಅದು ನನ್ನ ತೊಡೆಯ ಮೇಲೆ ಬಿತ್ತು ಅಂದರೆ ನೀನು ನಂಬುತ್ತಿಯಾ? ಸೀರೆಯಿಂದ ಅದನ್ನು ಎತ್ತಿ ಕರ್ಚೀಫಿನಲ್ಲಿ ಇಟ್ಟುಕೊಂಡು ಆಸ್ಪತ್ರೆಯ ತನಕ ಹಿಡಿದಿದ್ದೆ. ಡಾಕ್ಟರು, ಇದರಿಂದ ಇನ್ನು ಏನೂ ಆಗುವುದಿಲ್ಲ ತಾಯಿ ಅಂದರು. ಅಳು ಬರಲಿಲ್ಲ. ಕೊಂಡಲರಾವ್‌ನ ಗೋಡೌನಿಗೆ ಬೆಂಕಿ ಬಿದ್ದ ಸುದ್ದಿ ಬರುವ ತನಕ ಊಟ ಮಾಡಲಿಲ್ಲ, ಅಷ್ಟೇ.

ನೀನು ದೂರ ಇರು. ಇದು ನನ್ನ ಆಜ್ಞೆ ಅಂದುಕೋ.

ಅಕ್ಕ

*

ಹೈದರಾಬಾದ್, ಬಸ್ ನಿಲ್ದಾಣದ ಹತ್ತಿರದ ಲಾಡ್ಜು
21 ಜನವರಿ 2024

ಅಕ್ಕಾ,

ಫೋನು ಮಾಡಿದರೆ ನಿನ್ನ ಫೋನನ್ನು ಮನೋಜ ಎತ್ತುತ್ತಾನೆ. ಅದಕ್ಕೇ ಮತ್ತೆ ಪತ್ರ.

ನೀನು ಎರಡನೆಯ ಸಲ ಗೆದ್ದದ್ದನ್ನು ಊರಲ್ಲೇ ಕೇಳಿದೆ. ಸರ್ಕಾರ ಬದಲಾಯಿತು, ನೀನೂ ಪಕ್ಷ ಬದಲಾಯಿಸಿದೆ ಅಂತಲೂ ಕೇಳಿದೆ. ಹೋದ ವಾರ ಪೇಪರಿನಲ್ಲಿ ಫೋಟೋ ನೋಡಿದೆ. ಅದೇ ಪಕ್ಷದಲ್ಲಿರುವ ಕೊಂಡಲರಾವ್ ನಿನಗೆ ಶಾಲು ಹೊದಿಸುತ್ತಿದ್ದಾನೆ, ನೀನು ನಗುತ್ತಿದ್ದೀ. ನನ್ನ ಪಕ್ಕೆಲುಬಿನ ಕೆಳಗೆ ಕೈ ಹೋಯಿತು, ತನ್ನಷ್ಟಕ್ಕೆ.

ಅದಾದ ಎರಡು ದಿನಕ್ಕೆ ಬಸ್ತಿಯ ಗದಿಗೆಮ್ಮ ಮದುವೆಗೆಂದು ಊರಿಗೆ ಬಂದಿದ್ದಳು. ಯಂಕಮ್ಮ ಸೇಡಮಿನಲ್ಲಿ ಹೇಗಿದ್ದಾಳೆ ಎಂದು ಕೇಳಿದೆ. "ಯಾವ ಸೇಡಂ? ಆಕಿ ಎಲ್ಲಿ ಹೋಗ್ಯಾಳ? ಆ ಮಾರಿ ಹೊತ್ತುಕೊಂಡು ಎಲ್ಲಿ ಹೋದಾಳು?" ಅಂದಳು.

ನಾನು ನಿನ್ನೆ ಬಸ್ತಿಗೆ ಹೋದೆ.

ಯಂಕಮ್ಮ ಹೊಸಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಎಡಗಡೆಯ ಕಿವಿ ಇಲ್ಲ. ಕೆನ್ನೆಯ ಚರ್ಮ ಕರಗಿ ಕೊರಳಿಗೆ ಅಂಟಿದೆ, ತಲೆ ತಿರುಗಿಸಲು ಬರುವುದಿಲ್ಲ, ಮೈಯನ್ನೇ ತಿರುಗಿಸಬೇಕು. ನಾನು ತಾಯಪ್ಪ ಅಂದೆ. ಅವಳು ಹೆದರಲಿಲ್ಲ.

"ಮತ್ತೇನು ಉಳದೈತಿ ಸುಡಾಕ?" ಅಂದಳು.

ಅವಳೇ ಹೇಳಿದಳು. ಮನೋಜನಿಗೆ ವಹಿಸಿದ್ದೇನೆ ಅಂತ ನೀನು ಬರೆದ ಆ ವರ್ಷ ಬೇಸಿಗೆಯಲ್ಲಿ ಮನೋಜ ಹುಡುಗರನ್ನು ಕರೆದುಕೊಂಡು ಹಾಡಹಗಲೇ ಬಂದ. ಬಾಟಲಿಯಿಂದ ಸೀಮೆಎಣ್ಣೆ ಸುರಿದು, "ತಾಯಪ್ಪಣ್ಣ ಜೈಲಿನ್ಯಾಗಿಂದ ಹೇಳಿ ಕಳಿಸ್ಯಾನ" ಅಂದ. ಕಡ್ಡಿ ಗೀರಿದ. ಓಣಿಯ ಜನ ಬಾಗಿಲು ಹಾಕಿಕೊಂಡರು. ಅವಳು ಕಾಲುವೆಗೆ ಹಾರಿ ಬದುಕಿಕೊಂಡಳು.

"ನೀ ಕ್ಷಮಾ ಮಾಡಿದಿ ಅಂತ ತಿಳಕೊಂಡಿದ್ನೆವ್ವಾ," ಅಂದೆ.

"ಕ್ಷಮಾ?" ಅವಳು ಮೊರವನ್ನು ಕೆಳಗಿಟ್ಟಳು. "ಅಂಜಿ ಸುಳ್ಳು ಹೇಳೀನಿ. ನನ್ನ ಮಗ ಬಿದ್ದಿದ್ದ. ಬಿದ್ದು ಕೈ ಮುಗದಿದ್ದ. ನೀ ಆ ಕೈ ಮ್ಯಾಲ ಹೊಡದಿ, ಆಮ್ಯಾಲ ತಲಿ ಮ್ಯಾಲ. ನಾ ಕಣ್ಣಾರೆ ನೋಡೀನಿ."

"ಹೌದು," ಅಂದೆ.

"ನನ್ನ ಮುಂದ ಹೌದು ಅಂದ್ರ ಏನು ಬಂತು? ಜಜ್ ಸಾಹೇಬರ ಮುಂದ ಅನ್ನು."

ಅಕ್ಕಾ, ಜೈಲಿನ ಗೇಟಿನಲ್ಲಿ ನಾನು ಕಂಡದ್ದು ಏನು ಗೊತ್ತಾ? ಆ ಮೊಬೈಲ್ ಕಳ್ಳನ ತಾಯಿಯನ್ನು. ಹೆಣದ ಮುಖದ ಬಟ್ಟೆ ತೆಗೆದು, ಇವನು ನನ್ನ ಮಗ ಅಲ್ಲ, ನನ್ನ ಮಗ ಚಂದ ಇದ್ದ ಅಂತ ಎಲ್ಲರಿಗೂ ಹೇಳುತ್ತಿದ್ದಳು. ಅದನ್ನು ನೋಡಿದ ಮೇಲೆ ನಿನಗೆ ಬರೆದೆ, ಯಂಕಮ್ಮನನ್ನು ನೋಡಿಕೋ ಅಂತ. ಒಂದು ತುತ್ತು ಅನ್ನ, ಒಂದು ಜೊತೆ ಬಟ್ಟೆ, ಜ್ವರ ಬಂದರೆ ಒಬ್ಬ ಡಾಕ್ಟರು. ನೋಡಿಕೋ ಅಂದರೆ ಅದು. ನೀನು ಏನು ಓದಿದೆ?

ಹೈಕೋರ್ಟಿನಲ್ಲಿ ಅಪೀಲು ಹಾಕಲು ಸತ್ತವನ ತಾಯಿಗೆ ಹಕ್ಕಿದೆಯಂತೆ. ನಾನು ಅವಳ ಜೊತೆ ಹೋಗುತ್ತೇನೆ. ಕೊಂದವನು ನಾನು ಎಂದು ಹೇಳುತ್ತೇನೆ. ಬೆಂಕಿಯ ಕೇಸನ್ನೂ ಅವಳು ಕೊಡುತ್ತಾಳೆ.

ತಾಯಪ್ಪ

*

ಚೂನಾಬಟ್ಟಿ
4 ಫೆಬ್ರವರಿ 2024

ತಾಯಪ್ಪಾ,

ನೋಡಿಕೋ ಅಂದರೆ ಈ ಹೈದರಾಬಾದಿನಲ್ಲಿ ಏನರ್ಥ ಅಂತ ನಿನಗೆ ಗೊತ್ತಿರಲಿಲ್ಲವೇ? ಸಾಯಿಕುಮಾರನನ್ನು ನಾನು ನೋಡಿಕೊಳ್ಳುತ್ತೇನೆ ಅಕ್ಕಾ ಅಂತ ಮತದಾನದ ದಿನ ಬೆಳಗ್ಗೆ ಚಹಾ ಕುಡಿಯುತ್ತ ಅಂದವನು ನೀನೇ ಅಲ್ಲವೇ? ನಿನ್ನ ಬಾಯಿಂದ ಕಲಿತ ಮಾತನ್ನು ನಿನ್ನ ಪತ್ರದಲ್ಲಿ ಬೇರೆ ಹೇಗೆ ಓದಲಿ?

ಸುಡು ಅಂತ ನಾನು ಹೇಳಿಲ್ಲ. ಬಾಯಿ ಮುಚ್ಚಿಸು ಅಂತಲೂ ಹೇಳಿಲ್ಲ. "ತಾಯಪ್ಪ ಯಂಕಮ್ಮನ ವಿಷಯ ಬರೆದಾನ" ಅಂದೆ ಮನೋಜನಿಗೆ. ಅಷ್ಟೇ ಅಂದೆ. ಅವಳು ಆಸ್ಪತ್ರೆಯಲ್ಲಿದ್ದಾಗ, ಇದು ಕೊಂಡಲರಾವ್‌ನ ಕೆಲಸ ಅಂತ ಠಾಣೆಯ ಮುಂದೆ ಧರಣಿ ಕೂತೆ. ಜನ ನಂಬಿದರು. ಕೂತಲ್ಲೇ ನನಗೂ ಅರ್ಧ ನಂಬಿಕೆ ಬಂತು. ಸುದ್ದಿ ನಿನಗೆ ಮುಟ್ಟದ ಹಾಗೆ ಜೈಲಿನವರಿಗೆ ಹೇಳಿಸಿದ್ದೆ.

ಈಗ ಕೇಳು. ಮಂತ್ರಿ ಸ್ಥಾನದ ಮಾತು ನಡೆದಿದೆ. ಇಟ್ಟಿಗೆ ಹೊರುವವಳ ಮಗಳು ಮಂತ್ರಿ. ಚೂನಾಬಟ್ಟಿಯ ಮನೆಗಳಿಗೆ ಪಟ್ಟಾ ಕೊಡಿಸಬಹುದು, ಕಾರ್ಖಾನೆಗಳ ಕಪ್ಪು ನೀರು ಕಾಲುವೆಗೆ ಬೀಳದಂತೆ ಮಾಡಬಹುದು. ಯಂಕಮ್ಮನಿಗೆ ಒಳ್ಳೆಯ ಆಸ್ಪತ್ರೆಯಲ್ಲಿ ಮುಖ ಸರಿಮಾಡಿಸುತ್ತೇನೆ. ಸ್ವಲ್ಪ ದಿನ ತಡೆ. ಕೈಮುಗಿದು ಕೇಳುತ್ತೇನೆ, ಊರಿಗೆ ಹೋಗು.

ನಿನ್ನ ಪತ್ರವನ್ನು ಮೊದಲು ಒಡೆದು ಓದಿದವನು ಮನೋಜ. ಓದಿ ನನ್ನ ಕೈಗೆ ಕೊಟ್ಟು ಬಾಗಿಲಲ್ಲೇ ನಿಂತ. ನಾನು ಅವನಿಗೆ ಏನೂ ಹೇಳಿಲ್ಲ.

ಅಕ್ಕ

*

ಸರ್ಕಾರಿ ಆಸ್ಪತ್ರೆ, ಹೈದರಾಬಾದ್
3 ಮಾರ್ಚ್ 2024

ಅಕ್ಕಾ,

ಅಕ್ಷರ ನನ್ನದಲ್ಲ. ರಾಯಚೂರಿನ ರೇಣುಕಾ ಅನ್ನುವ ಸಿಸ್ಟರು ಇಲ್ಲಿದ್ದಾರೆ, ನಾನು ಹೇಳಿದ್ದನ್ನು ಅವರು ಬರೆಯುತ್ತಿದ್ದಾರೆ. ನನಗೆ ಬಲಗೈ ಇಲ್ಲ.

ನಾನೂ ಯಂಕಮ್ಮನೂ ವಕೀಲರ ಹತ್ತಿರ ಹೋಗಿ ಬಸ್ಸಿಳಿದು ಜೀಡಿಮೆಟ್ಲಾದ ಕಾರ್ಖಾನೆಗಳ ಹಿಂದಿನ ರಸ್ತೆಯಲ್ಲಿ ನಡೆದು ಬರುತ್ತಿದ್ದೆವು. ಶಿಫ್ಟು ಬಿಟ್ಟ ಹೊತ್ತು, ಜನ ಇದ್ದರು. ಎರಡು ಬೈಕುಗಳಲ್ಲಿ ಬಂದರು. ಮನೋಜ ಮುಖ ಮುಚ್ಚಿಕೊಂಡಿರಲಿಲ್ಲ. ಮೊದಲ ಏಟು ಬೆನ್ನಿಗೆ. ಬಿದ್ದೆ. ಮಚ್ಚು ಮೇಲೆತ್ತಿದಾಗ ನಾನು ಕೈ ಅಡ್ಡ ಹಿಡಿದೆ, ಕೈ ಮಣಿಕಟ್ಟಿನಲ್ಲಿ ಜೋತಾಡಿತು. ನೋವಿಗಿಂತ ಮೊದಲು ಬೆರಳುಗಳು ನನ್ನ ಮಾತು ಕೇಳದೆ ಇದ್ದದ್ದು ಗೊತ್ತಾಯಿತು.

"ಅಕ್ಕ ಕಳಿಸ್ಯಾಳೇನೋ?" ಅಂತ ಕೇಳಿದೆ.

"ಅಕ್ಕ ಏನೂ ಹೇಳಿಲ್ಲಣ್ಣಾ. ಅಕ್ಕ ಹೇಳೂದಿಲ್ಲ, ನಿಮಗ ಗೊತ್ತೈತಲ್ಲ," ಅಂದ. ಅಣ್ಣಾ ಅಂದೇ ಮಾತಾಡಿಸಿದ. ಮತ್ತೆ ಎತ್ತಿದ.

ಆಗ ಯಂಕಮ್ಮ ನನ್ನ ಮೇಲೆ ಅಡ್ಡ ಬಿದ್ದಳು. ಆ ಮುರುಟಿದ ಕೊರಳು ನನ್ನ ಬಾಯಿಗೆ ತಾಗುತ್ತಿತ್ತು. "ಇಂವಾ ಸಾಯಬಾರದು! ಇಂವಾ ಸಾಯಬಾರದು! ಕೋರ್ಟಿನ್ಯಾಗ ಹೇಳೂದೈತಿ!" ಅಂತ ಚೀರುತ್ತಿದ್ದಳು. ಅವಳ ಭುಜಕ್ಕೆ ಒಂದು ಏಟು ಬಿತ್ತು. ಶಿಫ್ಟಿನ ಹೆಂಗಸರು ಕಲ್ಲು ತೂರಿದಾಗ ಇವರು ಓಡಿದರು.

ಪೊಲೀಸರು ಬಂದಿದ್ದರು. ನಾನು ಮನೋಜನ ಹೆಸರು ಹೇಳಿದೆ. ಅವರು 'ಅಪರಿಚಿತರು' ಅಂತ ಬರೆದುಕೊಂಡರು. ಮತ್ತೆ ಹೇಳಿದೆ, ಮತ್ತೆ ಅದನ್ನೇ ಬರೆದರು. ಶಾಸಕಿಯ ಮನೆಯ ಹುಡುಗನ ಹೆಸರು ಬರೆಯಲು ಶಾಸಕಿಯೇ ಹೇಳಬೇಕಂತೆ.

ನೀನು ಅವನಿಗೆ ಹೇಳಿದೆಯೋ ಇಲ್ಲವೋ ಅಂತ ನಾನು ಕೇಳುವುದಿಲ್ಲ. ಈಗ ಹೇಳುತ್ತೀಯೋ ಇಲ್ಲವೋ ಅಂತ ಕೇಳುತ್ತೇನೆ.

ತಾಯಪ್ಪ

*

ಹೆಣ್ಣುಮಕ್ಕಳ ಜೈಲು, ಹೈದರಾಬಾದ್
14 ಏಪ್ರಿಲ್ 2024

ತಮ್ಮ ತಾಯಪ್ಪನಿಗೆ,

ಪೇಪರಿನಲ್ಲಿ ಬಂದದ್ದನ್ನು ಓದಿರುತ್ತೀ. ರಾಜೀನಾಮೆ ಕೊಟ್ಟೆ. ಯಂಕಮ್ಮನ ಬೆಂಕಿಯ ಕೇಸಿನಲ್ಲಿ ನಾನು ಆರೋಪಿ, ನಿನ್ನ ಕೈಯ ಕೇಸಿನಲ್ಲಿ ಸಾಕ್ಷಿ. ಮನೋಜ ಜಹೀರಾಬಾದಿನಲ್ಲಿ ಸಿಕ್ಕಿಬಿದ್ದ. ಉಪಚುನಾವಣೆಗೆ ಕೊಂಡಲರಾವ್ ನಿಲ್ಲುತ್ತಾನೆ, ಗೆಲ್ಲುತ್ತಾನೆ. ಪಟ್ಟಾ ಯಾರಿಗೂ ಸಿಗುವುದಿಲ್ಲ. ಇಷ್ಟು ಗೊತ್ತಿರುವುದು. ಗೊತ್ತಿಲ್ಲದ್ದನ್ನು ಬರೆಯುತ್ತೇನೆ. ದವಡೆಗೆ ತಂತಿ ಕಟ್ಟಿದ್ದಾರೆ, ಮಾತಾಡಲು ಬರುವುದಿಲ್ಲ. ಬರೆಯಲು ಬರುತ್ತದೆ.

ನಿನ್ನ ಪತ್ರ ಬಂದ ಬೆಳಗ್ಗೆ ಅಂಗಳದಲ್ಲಿ ಹುಡುಗರೆಲ್ಲ ಇದ್ದರು. ಕೊಂಡಲರಾವ್ ಜಗಲಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಮಂತ್ರಿ ಸ್ಥಾನದ ಸುದ್ದಿ ತಂದಿದ್ದ. ನಾನು ಎಲ್ಲರ ಮುಂದೆ ಮನೋಜನಿಗೆ, "ನಡಿ, ಠಾಣೆಗೆ ಹೋಗೂಣು. ನೀ ಏನು ಮಾಡಿದಿ ನೀ ಹೇಳು, ನಾ ಏನು ಮಾಡಿಸಿದೆ ನಾ ಹೇಳ್ತೀನಿ" ಅಂದೆ.

ಅವನು ನಕ್ಕ. "ಅಕ್ಕಾ, ನೀವು ಎಂದಾರ ಬಾಯಿಬಿಟ್ಟು ಏನಾರ ಮಾಡಿಸೀರೇನು? ನಿಮ್ಮ ಮಾರಿ ನೋಡಿ ನಾವ ತಿಳಕೊಂಡು ಮಾಡೀವಿ. ಇವತ್ತೂ ತಿಳಕೊಂಡೀನಿ. ಒಳಗ ನಡೀರಿ."

"ನಾ ಬಾಯಿಬಿಟ್ಟು ಹೇಳಾಕತ್ತೀನಿ," ಅಂದೆ.

ಕೊಂಡಲರಾವ್ ಬಸಿಯನ್ನು ಕೆಳಗಿಡದೆ, "ಪದವಿ ಕಾವಾಲಾ ಅಮ್ಮಾ, ತಮ್ಮುಡು ಕಾವಾಲಾ?" ಅಂದ, ಪದವಿ ಬೇಕೋ ತಮ್ಮ ಬೇಕೋ ಅಂತ. ನಾನು ಅವನಿಗೆ ಉತ್ತರ ಕೊಡಲು ತಿರುಗಿದೆ. ತಿರುಗಿದಾಗ ಮನೋಜ ಹೊಡೆದ. ಮುಷ್ಟಿಯಲ್ಲಿ ಬೈಕಿನ ಕೀಲಿಗೊಂಚಲು ಇತ್ತು. ದವಡೆ ಲಟಕ್ಕೆಂದದ್ದು ನನಗೇ ಕೇಳಿಸಿತು. ಬಿದ್ದೆ. ಗನ್‌ಮ್ಯಾನ್‌ಗಳು ಮೊಬೈಲು ನೋಡುತ್ತಿದ್ದರು. ನಾನು ಅನ್ನ ಹಾಕಿದ ಹುಡುಗರಲ್ಲಿ ಒಬ್ಬನೂ ಅಡ್ಡ ಬರಲಿಲ್ಲ. ಅವರು ನನ್ನ ಮುಖ ನೋಡುತ್ತಿರಲಿಲ್ಲ, ಅವನ ಮುಖ ನೋಡುತ್ತಿದ್ದರು.

ಎದ್ದೆ. ಕಾರಿನ ಕೀಲಿ ಅವರ ಹತ್ತಿರವೇ ಇತ್ತು. ನಡೆದೇ ಹೊರಟೆ.

ಬಸ್ತಿಯ ನಡುವಿನ ಓಣಿ ನಿನಗೆ ಗೊತ್ತೇ ಇದೆ. ಬಾಯಿಂದ ರಕ್ತ ಸೀರೆಯ ಮೇಲೆ ಸುರಿಯುತ್ತಿತ್ತು. ಬಾಗಿಲು ಬಾಗಿಲಲ್ಲಿ ಜನ. ಯಾರೂ ಅವ್ವಾ ಅನ್ನಲಿಲ್ಲ, ಯಾರೂ ನೀರು ತರಲಿಲ್ಲ. ಹಿಂದಿನಿಂದ ಒಂದು ಕಲ್ಲು ಬಂದು ಬೆನ್ನಿಗೆ ಬಡಿಯಿತು. ಅದು ನಮ್ಮ ಅಂಗಳದ ಹುಡುಗರದೋ, ಬಸ್ತಿಯವರದೋ, ನಾನು ತಿರುಗಿ ನೋಡಲಿಲ್ಲ. ಇನ್ನೊಂದು ತಲೆಗೆ ಬಿತ್ತು.

ಯಂಕಮ್ಮನ ಮನೆಯ ಹತ್ತಿರ ಬಂದಾಗ ಕಾಲು ನಿಂತುಬಿಟ್ಟಿತು. ಅವಳು ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಹೊಸಿಲಲ್ಲಿ ನಿಂತಿದ್ದಳು. ಆ ಮುಖವನ್ನು ನಾನು ಅಲ್ಲಿಯ ತನಕ ಹತ್ತಿರದಿಂದ ನೋಡಿರಲಿಲ್ಲ ತಾಯಪ್ಪ. ಧರಣಿಗೆ ಕೂತ ದಿನಗಳಲ್ಲೂ ಆಸ್ಪತ್ರೆಯ ಒಳಗೆ ಹೋಗಿರಲಿಲ್ಲ. ಏನಾದರೂ ಹೇಳಬೇಕು ಅಂದುಕೊಂಡೆ. ಬಾಯಿ ತೆರೆದರೆ ರಕ್ತವೇ ಬಂತು. ಕೈ ಜೋಡಿಸಲು ಹೋದೆ. ಅವಳು ಮುಖ ಸಿಂಡರಿಸಿದಳು. ಕೈ ಇಳಿಸಿದೆ. ಮತ್ತೆ ನಡೆದೆ.

ಸ್ವಲ್ಪ ದೂರ ಹೋದ ಮೇಲೆ ಹಿಂದೆ ಚಪ್ಪಲಿಯ ಸದ್ದು ಕೇಳಿಸಿತು. ಯಂಕಮ್ಮ ಬರುತ್ತಿದ್ದಳು. ಅವಳು ಬಂದ ಮೇಲೆ ಕಲ್ಲು ಬೀಳುವುದು ನಿಂತಿತು. ಠಾಣೆಯ ತಿರುವಿನಲ್ಲಿ ನನಗೆ ಕಣ್ಣು ಕತ್ತಲಿಟ್ಟು ಗೋಡೆ ಹಿಡಿದು ನಿಂತೆ. ಅವಳು ನನ್ನನ್ನು ಮುಟ್ಟಲಿಲ್ಲ. ತುಸು ದೂರದಲ್ಲೇ ನಿಂತಳು. ನನ್ನ ಕಣ್ಣಲ್ಲಿ ಏನು ಕಂಡಳೋ.

"ಸಮಾಧಾನ ಹೇಳಾಕ ಬಂದಿಲ್ಲ ನಾ," ಅಂದಳು. "ನಡುದಾರ್ಯಾಗಿಂದ ಹೊಳ್ಳಿ ಓಡಿ ಹೋಗ್ತಿ ಅಂತ ಬಂದೀನಿ. ನಡಿ, ಮುಂದ ನಡಿ."

ಅಕ್ಕ